ಡೈಸಿ ಅತ್ತದ್ದು ಶರ್ಟಿಗಾ?

ಒಬ್ಬ ಗಂಡಸು ಬೀರು ತೆರೆದು ತನ್ನ ಶರ್ಟುಗಳನ್ನು ಒಂದೊಂದಾಗಿ ಎಳೆದು ನಮ್ಮ ಮುಂದೆ ಎಸೆಯುತ್ತಾನೆ. ತೆಳು ಲಿನನ್, ದಪ್ಪ ರೇಷ್ಮೆ, ನಯವಾದ ಫ್ಲಾನೆಲ್. ಬೀಳುತ್ತಾ ಬೀಳುತ್ತಾ ಮಡಿಕೆ ಬಿಚ್ಚಿಕೊಂಡು ಮೇಜಿನ ಮೇಲೆ ರಾಶಿ ಬೆಳೆಯುತ್ತದೆ. ಅವನು ಇನ್ನೂ ತರುತ್ತಾನೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಇದ್ದಕ್ಕಿದ್ದ ಹಾಗೆ ಆ ರಾಶಿಯಲ್ಲಿ ಮುಖ ಹುದುಗಿಸಿ ಜೋರಾಗಿ ಅಳಲು ಶುರುಮಾಡುತ್ತಾಳೆ. ಎಂಥಾ ಚೆಂದದ ಶರ್ಟುಗಳು, ಇಂಥವನ್ನು ನಾನು ಯಾವತ್ತೂ ನೋಡಿರಲಿಲ್ಲ, ಅದಕ್ಕೇ ದುಃಖವಾಗುತ್ತಿದೆ ಅನ್ನುತ್ತಾಳೆ.

ಇದು ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ 1925ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯ ಐದನೇ ಅಧ್ಯಾಯದ ಪ್ರಸಂಗ. ಒಟ್ಟು ಒಂಬತ್ತು ಅಧ್ಯಾಯ. ಅಂದರೆ ಇದು ಪುಸ್ತಕದ ಸರಿಯಾಗಿ ನಡುಮಧ್ಯ. ಕಥೆ ನಡೆಯುವುದು 1922ರ ಬೇಸಿಗೆಯಲ್ಲಿ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನಲ್ಲಿ. ಶರ್ಟು ಎಸೆದವನು ಜೇ ಗ್ಯಾಟ್ಸ್‌ಬಿ. ಅತ್ತವಳು ಡೈಸಿ, ಐದು ವರ್ಷದ ಹಿಂದೆ ಅವನು ಪ್ರೀತಿಸಿದವಳು, ಈಗ ಟಾಮ್ ಬ್ಯೂಕ್ಯಾನನ್‌ನ ಹೆಂಡತಿ, ಒಂದು ಮಗುವಿನ ತಾಯಿ. ಇದನ್ನೆಲ್ಲ ಕಂಡು ನಮಗೆ ಹೇಳುವವನು ನಿಕ್ ಕ್ಯಾರವೇ. ಡೈಸಿಗೆ ಅವನು ದೂರದ ನೆಂಟ, ಗ್ಯಾಟ್ಸ್‌ಬಿಗೆ ಪಕ್ಕದ ಮನೆಯವನು.

ಈ ಕಾದಂಬರಿಯನ್ನು ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಈ ಪುಟಕ್ಕೆ ಬಂದಾಗಲೆಲ್ಲ ತರಗತಿಯಲ್ಲಿ ನಗು. ಆಮೇಲೆ ಎರಡು ಪಕ್ಷ. ಒಂದು ಪಕ್ಷಕ್ಕೆ ಡೈಸಿ ದುಡ್ಡಿಗೆ ಬಿದ್ದವಳು, ರೇಷ್ಮೆ ಕಂಡರೆ ಅಳುವವಳು. ಇನ್ನೊಂದು ಪಕ್ಷಕ್ಕೆ ಅವಳು ಪಾಪ, ಹಳೇ ಪ್ರೀತಿ ಉಕ್ಕಿ ಬಂದಿದೆ, ಶರ್ಟು ಬರೀ ನೆಪ. ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಂತೂ ಚಿಂತೆಯೇ ಇಲ್ಲ. ನೋಟ್ಸ್ ನೋಡಿ ಬರೆದ ಒಂದೇ ಸಾಲು: ಶರ್ಟು ಅಂದರೆ ಸಂಪತ್ತು, ಹಸಿರು ದೀಪ ಅಂದರೆ ಆಸೆ, ಬೂದಿ ಅಂದರೆ ಬಡತನ. ಮಗ್ಗಿ ಒಪ್ಪಿಸಿದ ಹಾಗೆ.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಸರ್, ಅಷ್ಟು ದೊಡ್ಡ ಮನೆ ನೋಡಿ ಅಳದವಳು ಶರ್ಟ್ ನೋಡಿ ಯಾಕೆ ಅಳ್ತಾಳೆ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವಾರ ಹೇಳ್ತೀನಮ್ಮ ಅಂದೆ. ಹೇಳಲಿಕ್ಕೆ ಒಂದು ತಿಂಗಳು ಹಿಡಿಯಿತು. ಅವಳ ಪ್ರಶ್ನೆಯೇ ಈ ಪ್ರಕರಣ.

ಆ ಮಧ್ಯಾಹ್ನ

ಮೊದಲು ಘಟನೆಯನ್ನು ಸರಿಯಾಗಿ ಜೋಡಿಸಿಕೊಳ್ಳೋಣ. ಡೈಸಿಯನ್ನು ಚಹಾಕ್ಕೆ ಕರೆ, ನಾನೂ ಸುಮ್ನೆ ಹಾಗೇ ಬಂದ ಹಾಗೆ ಬರುತ್ತೇನೆ ಅಂತ ಗ್ಯಾಟ್ಸ್‌ಬಿ ನಿಕ್‌ಗೆ ಹೇಳಿ ಕಳಿಸಿದ್ದಾನೆ. ಐದು ವರ್ಷ ಕಾದು, ಕೊಲ್ಲಿಯ ಆಚೆ ದಡದಲ್ಲಿ ಅವಳ ಮನೆ ಇದೆಯೆಂದೇ ಈಚೆ ದಡದಲ್ಲಿ ಬಂಗಲೆ ಕೊಂಡವನು ಕೇಳಿದ್ದು ಇಷ್ಟೇ, ಒಂದು ಚಹಾ. ಅವತ್ತು ಜೋರು ಮಳೆ. ಆ ಮಳೆಯಲ್ಲೂ ನಿಕ್ ಮನೆಯ ಹುಲ್ಲು ಕತ್ತರಿಸಲು ಆಳು ಬರುತ್ತಾನೆ. ರಾಶಿಗಟ್ಟಲೆ ಹೂಕುಂಡ ಬರುತ್ತದೆ. ಗ್ಯಾಟ್ಸ್‌ಬಿ ಬಿಳಿ ಫ್ಲಾನೆಲ್ ಸೂಟು, ಬೆಳ್ಳಿ ಬಣ್ಣದ ಶರ್ಟು, ಚಿನ್ನದ ಬಣ್ಣದ ಟೈ ಹಾಕಿಕೊಂಡು ಬರುತ್ತಾನೆ. ರಾತ್ರಿ ನಿದ್ದೆ ಮಾಡಿಲ್ಲ ಅಂತ ಕಣ್ಣೇ ಹೇಳುತ್ತದೆ. ಡೈಸಿಯ ಕಾರು ಬಂದ ಸದ್ದು ಕೇಳಿದ್ದೇ ತಡ, ಹಿತ್ತಲಿಂದ ಓಡಿಹೋಗಿ ಮಳೆಯಲ್ಲಿ ಸುತ್ತು ಹಾಕಿ, ಮುಂಬಾಗಿಲು ತಟ್ಟಿ ಆಗಷ್ಟೇ ಬಂದವನ ಹಾಗೆ ನಿಲ್ಲುತ್ತಾನೆ. ಮುಖ ಹೆಣದಷ್ಟು ಬಿಳಿಚಿದೆ. ಕಾಲ ಕೆಳಗೆ ನೀರಿನ ಹೊಂಡ.

ಒಳಗೆ, ಯಾವತ್ತೋ ನಿಂತುಹೋಗಿದ್ದ ಹಳೇ ಗಡಿಯಾರವೊಂದು ಅವನ ತಲೆ ತಾಗಿ ಬೀಳುವುದರಲ್ಲಿತ್ತು. ನಡುಗುವ ಕೈಯಲ್ಲಿ ಹಿಡಿದು ಸರಿಮಾಡಿ, ಗಡಿಯಾರದ ವಿಷಯಕ್ಕೆ ಕ್ಷಮೆ ಕೇಳುತ್ತಾನೆ. ನಾವು ಭೇಟಿಯಾಗಿ ಎಷ್ಟೋ ವರ್ಷವಾಯಿತು ಅನ್ನುತ್ತಾಳೆ ಡೈಸಿ. ಬರುವ ನವೆಂಬರ್‌ಗೆ ಐದು ವರ್ಷ, ಗ್ಯಾಟ್ಸ್‌ಬಿಯ ಉತ್ತರ ಥಟ್ಟನೆ ಬರುತ್ತದೆ. ಲೆಕ್ಕ ಇಟ್ಟವನು ಯಾರು, ಇಡದವಳು ಯಾರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನಿಕ್ ಅರ್ಧ ಗಂಟೆ ಹೊರಗೆ ಮರದ ಕೆಳಗೆ ನಿಂತು ವಾಪಸ್ ಬಂದಾಗ ಡೈಸಿಯ ಮುಖದ ಮೇಲೆ ಕಣ್ಣೀರಿನ ಗುರುತು ಇದೆ. ಗ್ಯಾಟ್ಸ್‌ಬಿ ದೀಪದ ಹಾಗೆ ಹೊಳೆಯುತ್ತಿದ್ದಾನೆ. ಅಂದರೆ ಶರ್ಟುಗಳ ಮುಂದಿನ ಅಳು ಆ ದಿನದ ಎರಡನೇ ಅಳು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಮೊದಲನೆಯದನ್ನು ನಾವು ನೋಡಿಲ್ಲ, ಅದಕ್ಕೆ ಕಾರಣವೂ ನಮಗೆ ಸಿಕ್ಕಿಲ್ಲ.

ಆಮೇಲೆ ಮೂವರೂ ಪಕ್ಕದ ಬಂಗಲೆಗೆ ಹೋಗುತ್ತಾರೆ. ಫ್ರಾನ್ಸಿನ ಯಾವುದೋ ನಗರಸಭೆ ಕಟ್ಟಡದ ನಕಲು, 40 ಎಕರೆ ಹುಲ್ಲು ಮತ್ತು ತೋಟ, ಅಮೃತಶಿಲೆಯ ಈಜುಕೊಳ. ಇದನ್ನು ಕೊಳ್ಳುವ ದುಡ್ಡು ದುಡಿಯಲು ಮೂರೇ ವರ್ಷ ಹಿಡಿಯಿತು ಅಂತ ಗ್ಯಾಟ್ಸ್‌ಬಿ ಬಾಯಿ ತಪ್ಪಿ ಹೇಳುತ್ತಾನೆ. ಪಿತ್ರಾರ್ಜಿತ ಅಂದಿದ್ದೆಯಲ್ಲ ಅಂತ ನಿಕ್ ಕೇಳಿದ ಮೇಲೆ ತೇಪೆ ಹಾಕುತ್ತಾನೆ. ಡೈಸಿ ಎಲ್ಲವನ್ನೂ ಮೆಚ್ಚುತ್ತಾ ನಡೆಯುತ್ತಾಳೆ. ಅಚ್ಚ ಚಿನ್ನದ ಬ್ರಷ್ ಎತ್ತಿಕೊಂಡು ಖುಷಿಯಿಂದ ಕೂದಲು ನೇವರಿಸಿಕೊಳ್ಳುತ್ತಾಳೆ. ಅಳು ಇಲ್ಲ. ಚಿನ್ನಕ್ಕೆ ಅಳದವಳು ಬಟ್ಟೆಗೆ ಅತ್ತಳು.

ಹಾಗಾಗಿ ‘ದುಡ್ಡಿನ ಹುಚ್ಚು’ ಅನ್ನುವ ಮೊದಲ ಪಕ್ಷದ ವಾದ ಇಲ್ಲೇ ಕುಂಟುತ್ತದೆ. ದುಡ್ಡೇ ಕಾರಣ ಆಗಿದ್ದರೆ ಬಾಗಿಲಲ್ಲೇ ಅಳಬೇಕಿತ್ತು. ಅಷ್ಟಕ್ಕೂ ದುಡ್ಡು ಅವಳಿಗೆ ಹೊಸದೇನಲ್ಲ. ಮದುವೆಗೆ ಟಾಮ್ ಕೊಟ್ಟ ಮುತ್ತಿನ ಸರದ ಬೆಲೆ 3,50,000 ಡಾಲರ್. ನಿಕ್ ತನ್ನ ಪುಟ್ಟ ಮನೆಗೆ ಕೊಡುವ ಬಾಡಿಗೆ ತಿಂಗಳಿಗೆ 80 ಡಾಲರ್. ಸುಮ್ನೆ ಲೆಕ್ಕ ಹಾಕಿ ನೋಡಿದೆ. ಆ ಒಂದು ಸರದಲ್ಲಿ 364 ವರ್ಷದ ಬಾಡಿಗೆ ಕಟ್ಟಬಹುದು! ಅಂಥದ್ದನ್ನು ಕೊರಳಿಗೆ ಹಾಕಿಕೊಂಡವಳು ಇಂಗ್ಲೆಂಡಿನಿಂದ ಬಂದ ಶರ್ಟು ನೋಡಿ ದಂಗಾಗುತ್ತಾಳಾ?

ಬಟ್ಟೆಯ ದಾರ ಹಿಡಿದು

ಇನ್ನೊಂದು ಸಲ ಪುಸ್ತಕ ಓದುವಾಗ ನಾನು ಸಂಕೇತ ಹುಡುಕುವುದು ಬಿಟ್ಟು ಬರೀ ಬಟ್ಟೆಗಳ ಮೇಲೆ ಕಣ್ಣಿಟ್ಟೆ. ಯಾರು ಏನು ಹಾಕಿದ್ದಾರೆ, ಯಾರು ಕೊಡಿಸಿದರು, ಎಲ್ಲಿಂದ ಬಂತು. ಆಗ ಕಥೆ ಬೇರೆಯೇ ಕಾಣತೊಡಗಿತು.

ಗ್ಯಾಟ್ಸ್‌ಬಿಯ ನಿಜವಾದ ಹೆಸರು ಜೇಮ್ಸ್ ಗ್ಯಾಟ್ಜ್. ನಾರ್ತ್ ಡಕೋಟದ, ಕೈ ಸಾಗದ ರೈತರ ಮಗ. ಹದಿನೇಳನೇ ವಯಸ್ಸಿನಲ್ಲಿ, ಹರಿದ ಹಸಿರು ಜೆರ್ಸಿ ತೊಟ್ಟು ಸರೋವರದ ದಡದಲ್ಲಿ ಅಲೆಯುತ್ತಿದ್ದಾಗ ಡ್ಯಾನ್ ಕೋಡಿ ಎಂಬ ಸಿರಿವಂತನ ಹಡಗು ಕಾಣುತ್ತಾನೆ. ಹೆಸರು ಬದಲಾಗುವುದು ಆವಾಗಲೇ. ಕೋಡಿ ಅವನಿಗೆ ಕೆಲಸ ಕೊಟ್ಟು ಮಾಡುವ ಮೊದಲ ಉಪಕಾರ ಯಾವುದು ಗೊತ್ತಾ? ಒಂದು ನೀಲಿ ಕೋಟು, ಆರು ಜೊತೆ ಬಿಳಿ ಪ್ಯಾಂಟು, ಒಂದು ಟೋಪಿ.

ಎರಡನೇ ಬಟ್ಟೆ ಸೇನೆಯ ಯೂನಿಫಾರ್ಮ್. 1917ರಲ್ಲಿ ಲೂಯಿವಿಲ್ ಊರಿನ ಹತ್ತಿರ ಸೇನಾ ಶಿಬಿರದಲ್ಲಿದ್ದ ಲೆಫ್ಟಿನೆಂಟ್ ಗ್ಯಾಟ್ಸ್‌ಬಿ, ಹದಿನೆಂಟು ತುಂಬಿದ ಡೈಸಿಯ ಮನೆಗೆ ಹೋಗಿ ಬರಲು ಶುರುಮಾಡುತ್ತಾನೆ. ಯೂನಿಫಾರ್ಮಿನಲ್ಲಿ ಎಲ್ಲ ಹುಡುಗರೂ ಒಂದೇ. ಬಡವ ಯಾರು, ಸಾಹುಕಾರ ಯಾರು ಅಂತ ಕಾಣುವುದಿಲ್ಲ. ತಾನೂ ಅವಳ ಮಟ್ಟದ ಮನೆಯವನೇ ಎಂದು ಅವಳು ನಂಬುವಂತೆ ಗ್ಯಾಟ್ಸ್‌ಬಿ ಬೇಕಂತಲೇ ಬಿಟ್ಟ ಅಂತ ಕಾದಂಬರಿ ಎಂಟನೇ ಅಧ್ಯಾಯದಲ್ಲಿ ನೇರವಾಗಿ ಹೇಳುತ್ತದೆ. ಒಂದು ಬಟ್ಟೆ ಅವನ ಪರವಾಗಿ ಸುಳ್ಳು ಹೇಳಿತು.

ಇಲ್ಲಿ ಒಂದು ತಪ್ಪು ನಂಬಿಕೆ ತೆಗೆದುಹಾಕಬೇಕು. ಶ್ರೀಮಂತರ ಮನೆ ಹುಡುಗಿಯರು ಬಡ ಹುಡುಗರನ್ನು ಮದುವೆಯಾಗುವುದಿಲ್ಲ ಅಂತ ಡೈಸಿ ಹೇಳಿದಳು ಎಂದು ಎಷ್ಟೋ ಮಂದಿ ಬರೆಯುತ್ತಾರೆ. ಅದು 1974ರ ಸಿನಿಮಾದ ಮಾತು. ಕಾದಂಬರಿಯಲ್ಲಿ ಇಲ್ಲ, ಇರಲಿಕ್ಕೂ ಸಾಧ್ಯವಿಲ್ಲ, ಯಾಕೆಂದರೆ ಅವನು ಬಡವ ಅಂತ ಆಗ ಅವಳಿಗೆ ಹೇಳಿದವರೇ ಇಲ್ಲ. ಅವಳು ಕೈಬಿಟ್ಟದ್ದು ಬೇರೆ ಕಾರಣಕ್ಕೆ. ಯುದ್ಧ ಮುಗಿದರೂ ಅವನು ಬರಲಿಲ್ಲ, ಆಕ್ಸ್‌ಫರ್ಡಿಗೆ ಕಳಿಸಿದ್ದರು. ಇವಳಿಗೆ ಬದುಕು ಈಗಲೇ, ಇಲ್ಲೇ ಒಂದು ದಡ ಸೇರಬೇಕಿತ್ತು. ಪ್ರೀತಿಯೋ, ಹಣವೋ, ವ್ಯವಹಾರದ ಮಾತೋ, ಹತ್ತಿರ ಇದ್ದ ಯಾವುದೋ ಒಂದು ಬಲ ತೀರ್ಮಾನ ಮಾಡಿಬಿಡಬೇಕಿತ್ತು. ಈ ಮೂರನ್ನೂ ಫಿಟ್ಜ್‌ಜೆರಾಲ್ಡ್ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಪ್ರೀತಿ ಒಂದು ತಕ್ಕಡಿಯಲ್ಲಿ, ಹಣ ಇನ್ನೊಂದು ತಕ್ಕಡಿಯಲ್ಲಿ ಅಂತ ಇಟ್ಟು ತೂಗುವ ನಮ್ಮ ಪರೀಕ್ಷೆಯ ಪ್ರಶ್ನೆಗಳಿಗೆ ಅವನು ಅಲ್ಲೇ ನೀರು ಬಿಟ್ಟಿದ್ದಾನೆ.

1919ರ ಜೂನ್‌ನಲ್ಲಿ ಟಾಮ್ ಜೊತೆ ಮದುವೆ. ಹಿಂದಿನ ಸಂಜೆ ಡೈಸಿ ಕುಡಿದು, ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು, ಮುತ್ತಿನ ಸರವನ್ನು ಕಸದ ಬುಟ್ಟಿಗೆ ಹಾಕಿ, ಮನಸ್ಸು ಬದಲಾಯಿತು ಅಂತ ಹೇಳಿ ಎಂದು ಅಳುತ್ತಾಳೆ. ತಣ್ಣೀರು ತೊಟ್ಟಿಯಲ್ಲಿ ಕೂರಿಸುತ್ತಾರೆ. ಕಾಗದವನ್ನು ಮಾತ್ರ ಬಿಡುವುದಿಲ್ಲ. ಅದು ನೀರಲ್ಲಿ ಮಂಜಿನ ಹಾಗೆ ಪುಡಿಯಾಗುವವರೆಗೂ ಹಿಡಿದೇ ಇರುತ್ತಾಳೆ. ಅರ್ಧ ಗಂಟೆಯ ನಂತರ ಸರ ಕೊರಳಿನಲ್ಲಿ. ಕಾಗದ ಯಾರದು ಅಂತ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಅಲ್ವಾ? ಡೈಸಿ ಹೀಗೆ ಬಿಕ್ಕಿ ಅತ್ತದ್ದನ್ನು ನಾವು ಇನ್ನೊಮ್ಮೆ ಕಾಣುವುದು ಮೂರು ವರ್ಷದ ಮೇಲೆ, ಶರ್ಟುಗಳ ಮುಂದೆ.

ಈ ಹೊತ್ತಿಗೆ ಗ್ಯಾಟ್ಸ್‌ಬಿ ಎಲ್ಲಿದ್ದ? ಇದು ಕೊನೇ ಅಧ್ಯಾಯದಲ್ಲಿ ಜೂಜುಕೋರ ವುಲ್ಫ್‌ಶೀಮ್ ಬಾಯಿಂದ ಹೊರಬರುತ್ತದೆ. ಸೇನೆಯಿಂದ ಬಂದ ಹುಡುಗ ಇನ್ನೂ ಯೂನಿಫಾರ್ಮ್‌ನಲ್ಲೇ ತಿರುಗುತ್ತಿದ್ದ, ಯಾಕೆಂದರೆ ಬೇರೆ ಬಟ್ಟೆ ಕೊಳ್ಳಲು ಕಾಸಿರಲಿಲ್ಲ. ಒಂದೆರಡು ದಿನದಿಂದ ಊಟವೂ ಮಾಡಿರಲಿಲ್ಲ. ಇದನ್ನು ಓದಿ ಹಿಂದಕ್ಕೆ ತಿರುಗಿ ಐದನೇ ಅಧ್ಯಾಯ ತೆರೆಯಿರಿ. ಆ ಬೀರುವಿನಲ್ಲಿ ಶರ್ಟುಗಳು ಡಜನ್ ಡಜನ್ ಎತ್ತರಕ್ಕೆ, ಇಟ್ಟಿಗೆ ಪೇರಿಸಿದ ಹಾಗೆ ಇವೆ. ಹಾಕಿಕೊಳ್ಳಲಿಕ್ಕೆ ಯಾರೂ ಅಷ್ಟೊಂದು ಇಟ್ಟುಕೊಳ್ಳುವುದಿಲ್ಲ. ಒಂದೇ ಬಟ್ಟೆಯಲ್ಲಿ ಕಾಲ ಕಳೆದವನು ಕಟ್ಟಿಕೊಂಡ ಗೋಡೆ ಅದು. ಅವನ ಲೈಬ್ರರಿಯ ಪುಸ್ತಕಗಳೂ ಹಾಗೇ: ಅಸಲಿ ಪುಸ್ತಕಗಳೇ, ಆದರೆ ಆ ಕಾಲದ ಪುಸ್ತಕಗಳಲ್ಲಿ ಕೂಡಿಕೊಂಡಿರುತ್ತಿದ್ದ ಹಾಳೆಗಳ ಅಂಚನ್ನು ಕತ್ತರಿಸಿಲ್ಲ. ಅಂದರೆ ಯಾರೂ ಓದಿಲ್ಲ.

ಆ ಶರ್ಟುಗಳ ಮೇಲೆ ಅವನ ಹೆಸರಿನ ಮೊದಲಕ್ಷರಗಳ ಕಸೂತಿ ಇದೆ. ಬಣ್ಣ ‘ಇಂಡಿಯನ್’ ನೀಲಿ. ನಮ್ಮ ದೇಶದ ಹೆಸರು ಈ ದೃಶ್ಯದಲ್ಲಿ ನುಸುಳುವುದು ಹೀಗೆ, ಒಂದು ಬಣ್ಣದ ಹೆಸರಿನಲ್ಲಿ. ತಮಾಷೆ ಏನೆಂದರೆ, ಹೆಸರು ಬದಲಾಯಿಸಿಕೊಂಡರೂ ಅಕ್ಷರಗಳು ಬದಲಾಗಬೇಕಿರಲಿಲ್ಲ. ಜೇಮ್ಸ್ ಗ್ಯಾಟ್ಜ್ ಆದರೂ ಜೇ.ಜಿ., ಜೇ ಗ್ಯಾಟ್ಸ್‌ಬಿ ಆದರೂ ಜೇ.ಜಿ.

ಇನ್ನೊಬ್ಬಳು ಅತ್ತಿದ್ದಳು

ನನಗೆ ಕೀಲಿ ಸಿಕ್ಕಿದ್ದು ಡೈಸಿಯ ಹತ್ತಿರ ಅಲ್ಲ, ಮರ್ಟಲ್ ವಿಲ್ಸನ್ ಹತ್ತಿರ. ನ್ಯೂಯಾರ್ಕ್ ದಾರಿಯಲ್ಲಿ ಬೂದಿ ರಾಶಿಬಿದ್ದ ಬಡ ಪ್ರದೇಶವಾದ ಬೂದಿ ಕಣಿವೆಯ ಗ್ಯಾರೇಜಿನವನ ಹೆಂಡತಿ, ಟಾಮ್ ಇಟ್ಟುಕೊಂಡವಳು. ಎರಡನೇ ಅಧ್ಯಾಯದಲ್ಲಿ ಅವಳು ತನ್ನ ಮದುವೆಯ ಕಥೆ ಹೇಳುತ್ತಾಳೆ. ಗಂಡ ಒಳ್ಳೇ ಮನೆತನದವನು ಅಂದುಕೊಂಡು ಕಟ್ಟಿಕೊಂಡಳಂತೆ. ಆಮೇಲೆ ಒಂದು ದಿನ ಅವನಿಲ್ಲದಾಗ ಯಾರೋ ಬಂದು ನನ್ನ ಸೂಟು ಕೊಡಿ ಅಂದ. ಗಂಡ ಮದುವೆಗೆ ಹಾಕಿಕೊಂಡದ್ದು ಎರವಲು ಸೂಟು! ಅದನ್ನು ಕೊಟ್ಟು ಕಳಿಸಿ, ಮಲಗಿಕೊಂಡು ಮಧ್ಯಾಹ್ನವೆಲ್ಲ ಅತ್ತೆ ಅನ್ನುತ್ತಾಳೆ. ಟಾಮ್‌ನನ್ನು ರೈಲಿನಲ್ಲಿ ಮೊದಲ ಸಲ ಕಂಡಾಗ ಅವಳ ಕಣ್ಣಿಗೆ ಬಿದ್ದದ್ದು ಅವನ ಸೂಟು, ಹೊಳೆಯುವ ಬೂಟು.

ಈಗ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ನೋಡಿ. ಒಬ್ಬಳು ಗಂಡನ ಬಟ್ಟೆ ಅವನದಲ್ಲ ಅಂತ ಒಂದು ಮಧ್ಯಾಹ್ನ ಅತ್ತಳು. ಇನ್ನೊಬ್ಬಳು ಗಂಡನಲ್ಲದವನ ಬಟ್ಟೆ ಅವನದೇ ಅಂತ ಇನ್ನೊಂದು ಮಧ್ಯಾಹ್ನ ಅತ್ತಳು. ಟಾಮ್ ಇಬ್ಬರಿಗೂ ಸೇರಿದವನು, ಅವರಿಬ್ಬರು ಒಬ್ಬರನ್ನೊಬ್ಬರು ಮಾತಾಡಿಸಿದ್ದೇ ಇಲ್ಲ. ಫಿಟ್ಜ್‌ಜೆರಾಲ್ಡ್ ಇದನ್ನು ಬೇಕಂತಲೇ ಜೋಡಿಸಿದನೋ ಇಲ್ಲವೋ, ಓದುಗನಾಗಿ ನಾನಂತೂ ಇನ್ನು ಬಿಡಿಸಿ ಓದಲಾರೆ.

ನನ್ನ ತೀರ್ಮಾನ ಇದು. ಬಂಗಲೆ ಯಾರದೂ ಆಗಿರಬಹುದು, ನಾಳೆ ಮಾರಿ ಇನ್ನೊಬ್ಬರದಾಗಬಹುದು. ಶರ್ಟು ಮೈಗೆ ತಾಗುವ ವಸ್ತು. ಡೈಸಿ ಮುಖ ಒತ್ತಿದ್ದು ಅದಕ್ಕೇ. ಅವಳ ನೆನಪಿನಲ್ಲಿದ್ದ ಗ್ಯಾಟ್ಸ್‌ಬಿಗೆ ಇದ್ದದ್ದು ಒಂದೇ ಉಡುಪು. ಆ ಹುಡುಗ ಮೂರು ವರ್ಷ ಮುಂಚೆಯೇ ಈ ಬೀರು ತೆರೆದಿದ್ದರೆ ಅವಳು ಯಾವುದನ್ನೂ ಬಿಡಬೇಕಾಗಿರಲಿಲ್ಲ. ಕಾಗದವೂ ಉಳಿಯುತ್ತಿತ್ತು, ಮುತ್ತೂ ಬರುತ್ತಿತ್ತು. ಎರಡೂ ಸಿಗಬಹುದಿತ್ತು ಅನ್ನುವುದು ತಡವಾಗಿ, ಕೈಗೆ ಮೆತ್ತಗೆ ತಾಗುವ ಹಾಗೆ ಎದುರಿಗೆ ಬಂದು ಬಿದ್ದಿದೆ. ಅದು ಪ್ರೀತಿಯ ಅಳುವಾ, ಆಸ್ತಿಯ ಅಳುವಾ ಅಂತ ಕೇಳಿದರೆ ಡೈಸಿಗೂ ಹೇಳಲಿಕ್ಕೆ ಬಾರದು. ಅವಳಿಗೆ ಆ ಎರಡು ಯಾವತ್ತೂ ಬೇರೆ ಬೇರೆ ಪೊಟ್ಟಣದಲ್ಲಿ ಬಂದಿಲ್ಲ.

ಗ್ಯಾಟ್ಸ್‌ಬಿಗೆ ಮಾತ್ರ ಬಂದಿದೆಯಾ? ಅವಳು ಮನೆಯಲ್ಲಿ ಓಡಾಡುವಾಗ ಅವನು ಪ್ರತಿ ವಸ್ತುವಿಗೂ ಅವಳ ಕಣ್ಣಿನಲ್ಲಿ ಕಂಡ ಮೆಚ್ಚುಗೆಯಷ್ಟೇ ಬೆಲೆ ಕಟ್ಟುತ್ತಾ ಹೋಗುತ್ತಾನೆ. ಅವಳ ದನಿಯ ತುಂಬಾ ಹಣ ಇದೆ ಅಂತ ಏಳನೇ ಅಧ್ಯಾಯದಲ್ಲಿ ಹೇಳುವವನೂ ಅವನೇ. ಹುಡುಗಿಯನ್ನು ಹಣದಾಸೆಯವಳು ಅಂತ ಬೈದು ಹುಡುಗನನ್ನು ಅಮರಪ್ರೇಮಿ ಮಾಡುವ ನಮ್ಮ ಚಾಳಿಗೆ ಪುಸ್ತಕದಲ್ಲಿ ಆಧಾರ ಕಡಿಮೆ.

ಒಂದು ಅಡ್ಡಿ ಒಪ್ಪಿಕೊಳ್ಳಬೇಕು. ಇಡೀ ಪ್ರಕರಣಕ್ಕೆ ಸಾಕ್ಷಿ ನಿಕ್ ಒಬ್ಬನೇ. ಗ್ಯಾಟ್ಸ್‌ಬಿಯ ಮನಸ್ಸಿನೊಳಗೆ ಅವನು ಪುಟಗಟ್ಟಲೆ ಹೊಕ್ಕು ಬರುತ್ತಾನೆ. ಡೈಸಿಯ ಮನಸ್ಸಿನ ಬಾಗಿಲು ಐದನೇ ಅಧ್ಯಾಯದಲ್ಲಿ ತಟ್ಟುವುದೂ ಇಲ್ಲ. ಅವಳ ಮಾತನ್ನು ಬರೆದುಕೊಂಡು ಮುಂದೆ ಹೋಗುತ್ತಾನೆ. ಮತ್ತೆ ಭೇಟಿಯಾದ ಮೇಲೆ ದುರಂತದವರೆಗೆ ಈ ಇಬ್ಬರ ನಡುವೆ ಭಾವನೆಗಳು ಹೇಗಿದ್ದವು ಅಂತ ತಾನು ಬರೆಯಲೇ ಇಲ್ಲ, ತನಗೆ ಅದು ಗೊತ್ತೂ ಇರಲಿಲ್ಲ, ಅದೇ ಪುಸ್ತಕದ ದೊಡ್ಡ ದೋಷ ಅಂತ ಫಿಟ್ಜ್‌ಜೆರಾಲ್ಡ್ 1925ರಲ್ಲೇ ತನ್ನ ಗೆಳೆಯ, ವಿಮರ್ಶಕ ಎಡ್ಮಂಡ್ ವಿಲ್ಸನ್‌ಗೆ ಬರೆದಿದ್ದ. ನನಗೆ ಅದು ದೋಷ ಅನ್ನಿಸುವುದಿಲ್ಲ. ಅದನ್ನೂ ಬರೆದಿದ್ದರೆ ಈ ಶರ್ಟುಗಳಿಗೆ ಇಷ್ಟು ತೂಕ ಇರುತ್ತಿರಲಿಲ್ಲ.

ಬರೆದವನಿಗೂ ಈ ಲೆಕ್ಕ ಗೊತ್ತಿತ್ತು. 1918ರಲ್ಲಿ ಅವನೂ ಯೂನಿಫಾರ್ಮಿನ ಲೆಫ್ಟಿನೆಂಟ್. ಅಲಬಾಮದ ಮಾಂಟ್ಗಮರಿಯಲ್ಲಿ ಜೆಲ್ಡಾ ಸೇಯರ್ ಎಂಬ ಹುಡುಗಿಯನ್ನು ಮೆಚ್ಚಿದ. ಕೈಯಲ್ಲಿ ದುಡ್ಡಿಲ್ಲ, ಮುಂದೆ ಬರುವ ಭರವಸೆಯೂ ಇಲ್ಲ ಅಂತ 1919ರಲ್ಲಿ ಅವಳು ನಿಶ್ಚಿತಾರ್ಥ ಮುರಿದಳು. 1920ರ ಮಾರ್ಚ್ 26ಕ್ಕೆ ಅವನ ಮೊದಲ ಕಾದಂಬರಿ ಬಂತು. ಏಪ್ರಿಲ್ 3ಕ್ಕೆ ಮದುವೆ. ನಡುವೆ ಎಂಟು ದಿನ.

ದೀಪ ಆರಿದ ಕ್ಷಣ

ಹಸಿರು ದೀಪದ ಬಗ್ಗೆ ಎಲ್ಲರೂ ಬೇಕಾದಷ್ಟು ಬರೆದಿದ್ದಾರೆ, ನಾನು ಜಾಸ್ತಿ ಹೇಳುವುದಿಲ್ಲ. ಅದು ಡೈಸಿಯ ಮನೆ ಮುಂದಿನ ದೋಣಿಕಟ್ಟೆಯ ತುದಿಯಲ್ಲಿ ರಾತ್ರಿಯೆಲ್ಲ ಉರಿಯುತ್ತಿತ್ತು. ಮೊದಲ ಅಧ್ಯಾಯದ ಕೊನೆಯಲ್ಲಿ ಗ್ಯಾಟ್ಸ್‌ಬಿ ಕತ್ತಲಲ್ಲಿ ಅದರ ಕಡೆ ಕೈ ಚಾಚಿ ನಿಂತಿದ್ದ. ನೋಟ್ಸ್‌ನಲ್ಲಿ ಬರೆಯದ ಒಂದು ಮಾತು ಏನೆಂದರೆ, ಆ ದೀಪ ಸಂಕೇತವಾಗಿ ಸಾಯುವುದೂ ಇದೇ ಮಧ್ಯಾಹ್ನ, ಶರ್ಟುಗಳ ಪ್ರಸಂಗ ಮುಗಿದ ಮರುಗಳಿಗೆಯಲ್ಲಿ. ಮಂಜು ಇಲ್ಲದಿದ್ದರೆ ಆಚೆ ದಡದಲ್ಲಿ ನಿಮ್ಮ ಮನೆ ಕಾಣುತ್ತಿತ್ತು, ಅಲ್ಲಿ ಯಾವಾಗಲೂ ಒಂದು ಹಸಿರು ದೀಪ ಇರುತ್ತದಲ್ಲ ಅಂತ ಅವನು ಹೇಳುತ್ತಾನೆ. ಅವಳು ಥಟ್ಟನೆ ಅವನ ತೋಳಿಗೆ ತೋಳು ಸೇರಿಸುತ್ತಾಳೆ. ಅವಳು ಪಕ್ಕದಲ್ಲೇ ನಿಂತ ಮೇಲೆ ಅದು ಬರೀ ದೋಣಿಕಟ್ಟೆಯ ದೀಪ. ಅವನನ್ನು ಮರುಳು ಮಾಡಿದ್ದ ವಸ್ತುಗಳ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು ಅನ್ನುತ್ತಾನೆ ನಿಕ್. ದೂರ ಇದ್ದಷ್ಟು ದಿನ ದೀಪಕ್ಕೆ ಬೆಲೆ ಇತ್ತು. ಶರ್ಟಿಗೆ ಬೆಲೆ ಬಂದದ್ದು ಹತ್ತಿರ ಬಂದ ಮೇಲೆ. ಒಂದೇ ಅಧ್ಯಾಯದಲ್ಲಿ ಎರಡು ಸಂಕೇತಗಳು ಎದುರುಬದುರು ದಿಕ್ಕಿಗೆ ಹೋಗುತ್ತವೆ. ‘ಇದು ಅಂದರೆ ಅದು’ ಎಂಬ ಪಟ್ಟಿಯಲ್ಲಿ ಇದನ್ನು ಹೇಗೆ ತುರುಕುವುದು?

ಬಟ್ಟೆಯ ದಾರ ಇನ್ನೂ ಮುಂದಕ್ಕೆ ಹೋಗುತ್ತದೆ. ಏಳನೇ ಅಧ್ಯಾಯದ ಸುಡುಬಿಸಿಲಿನ ದಿನ, ಗಂಡ ಎದುರಿಗೇ ಇರುವಾಗ ಡೈಸಿ ಗ್ಯಾಟ್ಸ್‌ಬಿಗೆ, ನೀನು ಜಾಹೀರಾತಿನ ಆ ಗಂಡಸಿನ ಹಾಗಿದ್ದೀಯ ಅನ್ನುತ್ತಾಳೆ. ಅದು ಪ್ರೀತಿಯ ನಿವೇದನೆ ಅಂತ ಟಾಮ್‌ಗೆ ತಕ್ಷಣ ಗೊತ್ತಾಗುತ್ತದೆ. ಅವಳಿಗೆ ಅದಕ್ಕಿಂತ ಒಳ್ಳೆಯ ಭಾಷೆ ಇರಲಿಲ್ಲ. ಅವನು ಆಕ್ಸ್‌ಫರ್ಡಿನವನಂತೆ, ಗುಲಾಬಿ ಸೂಟು ಹಾಕುತ್ತಾನೆ ಅಂತ ಟಾಮ್ ಹೀಯಾಳಿಸುವುದೂ ಅದೇ ದಿನ. ಸಂಜೆ ಪ್ಲಾಜಾ ಹೋಟೆಲಿನ ರೂಮಿನಲ್ಲಿ, ಶರ್ಟುಗಳ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಟಾಮ್ ಬಯಲು ಮಾಡುತ್ತಾನೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ. ವುಲ್ಫ್‌ಶೀಮ್ ಜೊತೆ ಸೇರಿ ಸಣ್ಣಪುಟ್ಟ ಔಷಧಿ ಅಂಗಡಿಗಳನ್ನು ಕೊಂಡು ಅಲ್ಲಿ ಕದ್ದು ಮದ್ಯ ಮಾರಿದ ದುಡ್ಡು. ಗ್ಯಾಟ್ಸ್‌ಬಿ ಎಷ್ಟು ಹೇಳಿದರೂ ಡೈಸಿ ಒಳಗೊಳಗೇ ಮುದುಡಿಕೊಳ್ಳುತ್ತಾ ಹೋಗುತ್ತಾಳೆ. ಮರ್ಟಲ್‌ಳ ಮನೆ ಬಾಗಿಲಿಗೆ ಸೂಟಿನ ಯಜಮಾನ ಬಂದು ನಿಂತ ಹಾಗೇ ಆಯಿತು. ಇವನ ಬಟ್ಟೆಯೂ ಒಂದು ಲೆಕ್ಕದಲ್ಲಿ ಎರವಲಿನದೇ.

ಶರ್ಟುಗಳ ಮಧ್ಯಾಹ್ನ ಪಿಯಾನೋ ನುಡಿಸಿದವನೊಬ್ಬನಿದ್ದ, ಕ್ಲಿಪ್‌ಸ್ಪ್ರಿಂಗರ್. ಗ್ಯಾಟ್ಸ್‌ಬಿಯ ಬಂಗಲೆಯಲ್ಲೇ ಬಿಟ್ಟಿ ಉಳಿದುಕೊಂಡಿದ್ದವನು. ಗ್ಯಾಟ್ಸ್‌ಬಿ ಕೊಲೆಯಾದ ಮೇಲೆ ಡೈಸಿಯಿಂದ ಒಂದು ಹೂವೂ ಬರಲಿಲ್ಲ, ಒಂದು ಸಾಲೂ ಬರಲಿಲ್ಲ. ಅಂತ್ಯಕ್ರಿಯೆಗೆ ಯಾರಾದರೂ ಬರುತ್ತಾರಾ ಅಂತ ನಿಕ್ ಕಾಯುತ್ತಿರುವಾಗ ಕ್ಲಿಪ್‌ಸ್ಪ್ರಿಂಗರ್‌ನ ಫೋನ್ ಬರುತ್ತದೆ. ಬರಲಿಕ್ಕೆ ಆಗುವುದಿಲ್ಲ ಅಂತ ಏನೇನೋ ನೆಪ ಹೇಳುತ್ತಾನೆ. ಅಸಲಿಗೆ ಫೋನ್ ಮಾಡಿದ್ದು ಬೇರೆ ವಿಷಯಕ್ಕೆ. ಅಲ್ಲಿ ಒಂದು ಜೊತೆ ಟೆನಿಸ್ ಬೂಟು ಬಿಟ್ಟು ಬಂದಿದ್ದೇನೆ, ಅದಿಲ್ಲದೆ ಬಹಳ ತೊಂದರೆಯಾಗಿದೆ, ಆಳಿನ ಕೈಯಲ್ಲಿ ಕಳಿಸಿಕೊಡಬಹುದಾ ಅಂತ ವಿಳಾಸ ಹೇಳಲು ಶುರುಮಾಡಿದ. ನಿಕ್ ಪೂರ್ತಿ ಕೇಳಲಿಲ್ಲ. ಫೋನ್ ಇಟ್ಟುಬಿಟ್ಟ.